ತನ್ನ ತಿಥಿಗೆ ತಾನೇ ಬಂದ ಆಪ್ಷನ್

ಆಗಸ್ಟ್ ಬಂತೆಂದರೆ ಅಮೆರಿಕದ ಟಿವಿ ಸ್ಟುಡಿಯೋಗಳಲ್ಲಿ ಒಂದು ತಿಥಿ ತಪ್ಪುವುದಿಲ್ಲ. ಕಾಲೇಜು ಫುಟ್‌ಬಾಲಿನ ಹೊಸ ಸೀಸನ್ ಶುರುವಾಗುವ ಹೊತ್ತು. ಬಿಗಿ ಕೋಟು ತೊಟ್ಟ ಮೂರ್ನಾಲ್ಕು ಮಾಜಿ ಆಟಗಾರರು ಮೇಜಿನ ಹಿಂದೆ ಸಾಲಾಗಿ ಕೂತು, ಈ ಕಾಲದಲ್ಲಿ ಆಪ್ಷನ್ ಎಂಬ ಹಳೇ ಪದ್ಧತಿಯ ಆಟ ನಡೆಯೋದಿಲ್ಲ ಎಂದು ಎಳ್ಳುನೀರು ಬಿಡುತ್ತಾರೆ. ಹೋದವರ ಗುಣಗಾನವೂ ಆಗುತ್ತದೆ: ಒಳ್ಳೆ ಜೀವ, ಒಂದು ಕಾಲದಲ್ಲಿ ಚೆನ್ನಾಗಿ ಬಾಳಿತು, ಪಾಪ, ಕಾಲಕ್ಕೆ ಹೊಂದಿಕೊಳ್ಳಲಿಲ್ಲ. ಎಲ್ಲ ಮುಗಿಸಿ ಸೆಪ್ಟೆಂಬರಿನಲ್ಲಿ ಎಲೆ ಹಾಕಿದರೆ, ಹೋದವರೇ ಪಂಕ್ತಿಯ ಮೊದಲಲ್ಲಿ ಕೂತು ‘ಇನ್ನೆರಡು ವಡೆ ಬಿಡಿ’ ಅನ್ನುತ್ತಿರುತ್ತಾರೆ.

ಫುಟ್‌ಬಾಲ್ ಅಂದ ತಕ್ಷಣ ಮೆಸ್ಸಿ ನೆನಪಾಗುವವರಿಗೆ ಎರಡು ಮಾತು. ಇದು ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಫುಟ್‌ಬಾಲ್. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಗಾಳಿಯಲ್ಲಿ ದೂರಕ್ಕೆ ಎಸೆದು ಹಿಡಿಯುವುದು ದೊಡ್ಡವರ ಮನೆಯ ಲಕ್ಷಣ, ಅವುಚಿಕೊಂಡು ಓಡುವುದು ಬಡವರ ಮನೆಯದು ಎಂಬುದು ಅಲ್ಲಿ ಈಗ ನೆಲೆಯೂರಿರುವ ನಂಬಿಕೆ. ಆಪ್ಷನ್ ಓಡುವವರ ಕುಲಕ್ಕೆ ಸೇರಿದ್ದು.

ಅದರ ಕಿಲಾಡಿತನ ಇರುವುದು ಒಂದೇ ಕಡೆ. ಎದುರಾಳಿಗಳಲ್ಲಿ ಒಬ್ಬನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಅನೇಕ ಸಲ ಅವನು ಆ ತಂಡದ ಅತಿ ದೊಡ್ಡ, ಅತಿ ಸಿಟ್ಟಿನ ಆಸಾಮಿ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು, ಹಿಂದಿನಿಂದ ಓಡಿ ಬರುವ ಫುಲ್‌ಬ್ಯಾಕಿನ ಹೊಟ್ಟೆಗೆ ಒತ್ತಿ ಹಿಡಿದು, ಕೊಡಲೋ ಬಿಡಲೋ ಎಂದು ಆ ಆಸಾಮಿಯನ್ನೇ ನೋಡುತ್ತಾನೆ. ಆಸಾಮಿ ಫುಲ್‌ಬ್ಯಾಕಿನ ಮೇಲೆ ಎರಗಿದರೆ ಇವನು ಚೆಂಡು ಕಿತ್ತುಕೊಂಡು ತಾನೇ ಓಡುತ್ತಾನೆ. ಮುಂದೆ ಇನ್ನೊಬ್ಬ ಅಡ್ಡ ಬಂದು ಮೈಮೇಲೆ ಬೀಳುವ ಹೊತ್ತಿಗೆ, ಪಕ್ಕದಲ್ಲಿ ಓಡಿ ಬರುತ್ತಿರುವ ಮೂರನೆಯವನಿಗೆ ಎಸೆದು ಕೈತೊಳೆದುಕೊಳ್ಳುತ್ತಾನೆ. ಮೂರು ದಾರಿ, ಆದ್ದರಿಂದ ಟ್ರಿಪಲ್ ಆಪ್ಷನ್. ತಡೆಯಬೇಕಾದವನ ಪಾಡು ಅತ್ತ ದರಿ ಇತ್ತ ಪುಲಿ. ಅವನು ಏನು ಮಾಡುತ್ತಾನೋ ಅದೇ ತಪ್ಪು. ಸುಮ್ಮನೆ ನಿಂತರೆ ಇನ್ನೂ ದೊಡ್ಡ ತಪ್ಪು.

ಇದರಲ್ಲಿ ಒಂದು ದೋಷ ಇರುವುದನ್ನು ಒಪ್ಪಬೇಕು: ನೋಡಲು ಬೇಜಾರು. ನಾಲ್ಕು ಗಜ, ಮೂರು ಗಜ, ಐದು ಗಜ, ಮತ್ತೆ ನಾಲ್ಕು. ಚೀಟಿಯ ಕಂತು ಕಟ್ಟಿದ ಹಾಗೆ. ಗಡಿಯಾರ ಓಡುತ್ತಲೇ ಇರುತ್ತದೆ, ಎದುರು ತಂಡದ ತಾರೆ ಬೆಂಚಿನ ಬಳಿ ಕಾಯುತ್ತಲೇ ಇರುತ್ತಾನೆ. 2018ರಲ್ಲಿ ಸೇನಾ ಅಕಾಡೆಮಿಯ ಆರ್ಮಿ ತಂಡ ಒಕ್ಲಹೋಮಾ ವಿಶ್ವವಿದ್ಯಾಲಯದ ಅಂಗಳಕ್ಕೇ ಹೋಗಿ 44 ನಿಮಿಷ 41 ಸೆಕೆಂಡು ಚೆಂಡನ್ನು ತನ್ನ ಹತ್ತಿರವೇ ಇಟ್ಟುಕೊಂಡಿತು. ಇಡೀ ಆಟ ಇರುವುದೇ 60 ನಿಮಿಷ. ಆ ವರ್ಷ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆಲ್ಲಲಿದ್ದ ಒಕ್ಲಹೋಮಾದ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿ ಅಂದು ಹೆಚ್ಚಿನ ಹೊತ್ತು ಟಿಕೆಟ್ ಇಲ್ಲದೆ ಒಳಗೆ ಬಂದ ಪ್ರೇಕ್ಷಕ. ಒಕ್ಲಹೋಮಾ ಹೇಗೋ ಹೆಚ್ಚುವರಿ ಅವಧಿಯಲ್ಲಿ 28-21ರಿಂದ ಉಳಿದುಕೊಂಡಿತು.

ಹೀಗೆ ದೊಡ್ಡವರನ್ನು ಕಾಡುವ ಆಟವನ್ನು ದೊಡ್ಡವರೇ ಯಾಕೆ ಆಡುವುದಿಲ್ಲ ಎಂದು ಕೇಳಬಹುದು. ಆಡುತ್ತಿದ್ದರು, ಸ್ವಾಮಿ. 1968ರಲ್ಲಿ ಟೆಕ್ಸಸ್‌ನಲ್ಲಿ ಎಮೊರಿ ಬೆಲ್ಲಾರ್ಡ್ ಎಂಬ ಸಹಾಯಕ ಕೋಚ್ ಹಿಂದಿನ ಸಾಲಿನ ನಾಲ್ವರನ್ನು ಕೋಳಿಯ ಎದೆಮೂಳೆಯ ಆಕಾರದಲ್ಲಿ ನಿಲ್ಲಿಸಿ, ಅದಕ್ಕೆ ವಿಶ್‌ಬೋನ್ ಎಂದು ಹೆಸರು ಬಿದ್ದು, ಟೆಕ್ಸಸ್ ಸತತ 30 ಪಂದ್ಯ ಗೆದ್ದಿತು. ಅಲಬಾಮಾ ಕಲಿತಿತು, ಒಕ್ಲಹೋಮಾ ಕಲಿತಿತು. ನೆಬ್ರಾಸ್ಕಾದಲ್ಲಿ ಟಾಮ್ ಆಸ್ಬೋರ್ನ್ 25 ವರ್ಷ ಕೋಚ್ ಆಗಿದ್ದು, ಒಂದು ಸೀಸನ್ನಿನಲ್ಲೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಚೆಂಡು ಎಸೆಯುವುದರಲ್ಲಿ ಗಂಧರ್ವರೆನಿಸಿಕೊಂಡಿದ್ದ ಫ್ಲೋರಿಡಾದವರನ್ನು 1996ರ ಜನವರಿಯ ಫಿಯೆಸ್ಟಾ ಬೌಲ್ ಎಂಬ ಸೀಸನ್ ಕೊನೆಯ ಪಂದ್ಯದಲ್ಲಿ ಆಸ್ಬೋರ್ನ್ ಹುಡುಗರು ಬರೀ ಓಟದಿಂದ 524 ಗಜ ಗಳಿಸಿ 62-24ಕ್ಕೆ ಮಲಗಿಸಿದರು.

ಹೊಟ್ಟೆ ತುಂಬಿದವರಿಗೆ ಮುಂದೆ ಏನಾಗುತ್ತದೋ ಅದೇ ನೆಬ್ರಾಸ್ಕಾಕ್ಕೂ ಆಯಿತು. 2003ರಲ್ಲಿ ಆಸ್ಬೋರ್ನ್ ಉತ್ತರಾಧಿಕಾರಿ ಫ್ರಾಂಕ್ ಸೊಲಿಚ್ ಒಂಬತ್ತು ಗೆದ್ದು ಮೂರು ಸೋತರು. ಕ್ರೀಡಾ ನಿರ್ದೇಶಕರು, ತಂಡ ಸಾಧಾರಣ ಮಟ್ಟಕ್ಕೆ ಜಾರುವುದನ್ನು ತಾವು ಸಹಿಸುವುದಿಲ್ಲ ಎಂದು ಅವರನ್ನು ಮನೆಗೆ ಕಳಿಸಿದರು. ವೃತ್ತಿಪರ ಲೀಗಿನಿಂದ ಬಿಲ್ ಕ್ಯಾಲಹಾನ್ ಎಂಬವರು ದಪ್ಪ ದಪ್ಪ ಪ್ಲೇಬುಕ್ಕಿನೊಂದಿಗೆ ಇಳಿದರು. ಆಧುನಿಕತೆ ಬಂತು. ಮೊದಲ ವರ್ಷವೇ ಐದು ಗೆಲುವು, ಆರು ಸೋಲು. 1961ರ ನಂತರ ನೆಬ್ರಾಸ್ಕಾ ಕಂಡ ಮೊದಲ ಸೋಲಿನ ಸೀಸನ್. 35 ವರ್ಷ ಬಿಡದೆ ಬೌಲ್ ಪಂದ್ಯ ಆಡಿದ್ದ ಸರಣಿ ಅಲ್ಲಿಗೆ ಕತ್ತರಿಸಿತು. 2007ರಲ್ಲಿ ಕ್ಯಾನ್ಸಸ್ ಕೈಯಲ್ಲಿ 76-39. ಬ್ಯಾಸ್ಕೆಟ್‌ಬಾಲಿಗೆ ಹೆಸರಾದ ಕ್ಯಾನ್ಸಸ್; ಸ್ಕೋರ್ ನೋಡಿದವರು ಯಾವ ಆಟ ಎಂದು ಒಮ್ಮೆ ಗೊಂದಲಪಟ್ಟಿದ್ದರೆ ತಪ್ಪಿಲ್ಲ. ಸಾಧಾರಣ ಮಟ್ಟಕ್ಕೆ ಜಾರಬಾರದು ಎಂದು ಹೊರಟವರು ಮಾತಿಗೆ ತಪ್ಪಲಿಲ್ಲ, ಅದಕ್ಕೂ ಕೆಳಗೆ ಹೋದರು.

ಪ್ರಾಯಶ್ಚಿತ್ತಕ್ಕೆಂದು ಎಷ್ಟೋ ವರ್ಷಗಳ ನಂತರ ಸ್ಕಾಟ್ ಫ್ರಾಸ್ಟ್‌ರನ್ನು ಕರೆತಂದರು. 1997ರಲ್ಲಿ ಇದೇ ನೆಬ್ರಾಸ್ಕಾಕ್ಕೆ ಆಪ್ಷನ್ ನಡೆಸಿ ಪ್ರಶಸ್ತಿ ತಂದ ಕ್ವಾರ್ಟರ್‌ಬ್ಯಾಕ್ ಅವರು. ಊರ ಮಗ ಬಂದ ಎಂದು ಆರತಿ ಎತ್ತಿದ್ದೇ ಬಂತು, 16 ಗೆಲುವು, 31 ಸೋಲು. 2022ರ ಸೆಪ್ಟೆಂಬರ್ 11ರಂದು ತೆಗೆದುಹಾಕಿದರು. ಒಪ್ಪಂದದ ಪ್ರಕಾರ ಅಕ್ಟೋಬರ್ 1ರ ತನಕ ಕಾದಿದ್ದರೆ ಕೊಡಬೇಕಾದ ಪರಿಹಾರ 1.5 ಕೋಟಿ ಡಾಲರಿನಿಂದ 75 ಲಕ್ಷಕ್ಕೆ ಇಳಿಯುತ್ತಿತ್ತು. ಕಾಯಲಿಲ್ಲ. ಇಪ್ಪತ್ತು ದಿನ ಒಬ್ಬರ ಮುಖ ನೋಡದೆ ಇರುವುದಕ್ಕೆ ದಿನಕ್ಕೆ ಮೂರು ಮುಕ್ಕಾಲು ಲಕ್ಷ ಡಾಲರು. ಹಿಂದಿನ ದಿನ ಅವರನ್ನು 45-42ರಿಂದ ಸೋಲಿಸಿದ್ದು ಜಾರ್ಜಿಯಾ ಸದರ್ನ್ ಎಂಬ ಸಣ್ಣ ವಿಶ್ವವಿದ್ಯಾಲಯ. ಆಪ್ಷನ್ನಿನಿಂದಲೇ ಆರು ಸಲ ಎರಡನೇ ಹಂತದ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಊರು ಅದು. ಆದರೆ ಅಷ್ಟು ಹೊತ್ತಿಗೆ ಅವರೂ ಆಪ್ಷನ್ ಬಿಟ್ಟು ಎಸೆಯಲು ಕಲಿತಿದ್ದರು. ನನ್ನ ವಾದಕ್ಕೆ ಇದು ಹೊಂದುವುದಿಲ್ಲ, ಗೊತ್ತು. ಸತ್ಯ ಹೇಳಿದ್ದೇನೆ, ಮುಂದೆ ಹೋಗೋಣ.

ಅದೇ ಜಾರ್ಜಿಯಾ ಸದರ್ನ್ ಮಡಿ ಕೆಡಿಸಿಕೊಳ್ಳುವ ಮುಂಚೆ, 2013ರಲ್ಲಿ, ಫ್ಲೋರಿಡಾಕ್ಕೆ ಹೋಗಿತ್ತು. ಇಂಥ ಸಣ್ಣ ತಂಡಗಳನ್ನು ದೊಡ್ಡವರು ದುಡ್ಡು ಕೊಟ್ಟು ಕರೆಸುವುದು ಬಡಿದು ಕಳಿಸುವುದಕ್ಕೆ. ಬಂದವರು ಇಡೀ ಪಂದ್ಯದಲ್ಲಿ ಮೂರೇ ಸಲ ಚೆಂಡು ಎಸೆದರು. ಮೂರೂ ನೆಲಕ್ಕೆ. ಒಂದೂ ಪಾಸ್ ಹಿಡಿಯದೆ, 429 ಗಜ ಓಡಿ, 26-20ರಿಂದ ಗೆದ್ದು, ದುಡ್ಡನ್ನೂ ತೆಗೆದುಕೊಂಡು ಊರಿಗೆ ಹೋದರು. ಅದೇ ದಿನ ಫ್ಲೋರಿಡಾದ ಇಬ್ಬರು ಆಟಗಾರರು ಎದುರಾಳಿಯನ್ನು ಬಿಟ್ಟು ಒಬ್ಬರನ್ನೊಬ್ಬರು ತಡೆಯುತ್ತ ನಿಂತ ದೃಶ್ಯ ದೇಶವೆಲ್ಲ ಸುತ್ತಿತು. ಅವರು ಆಡುತ್ತಿದ್ದದ್ದು ಆಧುನಿಕ ಪದ್ಧತಿ.

ಈ ಹುಚ್ಚಿನ ಪೂರ್ಣಾವತಾರ ನೋಡಬೇಕೆಂದರೆ ಅಟ್ಲಾಂಟಾಕ್ಕೆ ಹೋಗಬೇಕು. ಜಾರ್ಜಿಯಾ ಟೆಕ್‌ನಲ್ಲಿ ಪಾಲ್ ಜಾನ್ಸನ್ ಎಂಬ ಸಿಡುಕು ಮುಖದ ಕೋಚ್ 2008ರಿಂದ 2018ರವರೆಗೆ ಹನ್ನೊಂದು ವರ್ಷ ಟ್ರಿಪಲ್ ಆಪ್ಷನ್ ಆಡಿಸಿದರು. 2014ರ ಸೀಸನ್ನಿನಲ್ಲಿ ಆರೆಂಜ್ ಬೌಲ್ ಕೂಡ ಗೆದ್ದುಕೊಟ್ಟರು, ಮಿಸಿಸಿಪ್ಪಿ ಸ್ಟೇಟ್ ವಿರುದ್ಧ 49-34. ಆದರೂ ಮನೆಗೆ ನೆಂಟರು ಬಂದಾಗ ಮುದುಕರನ್ನು ಹಿತ್ತಿಲ ಕೋಣೆಗೆ ಕಳಿಸುವ ಹಾಗೆ ಅಭಿಮಾನಿಗಳಿಗೆ ಆ ಆಟದ ಬಗ್ಗೆ ಒಳಗೊಳಗೇ ನಾಚಿಕೆ. ಜಾನ್ಸನ್ ನಿವೃತ್ತರಾದ ಮೇಲೆ ಜೆಫ್ ಕಾಲಿನ್ಸ್ ಬಂದರು. ಈಗ ಬೇಕಾದದ್ದು ಆಟವಲ್ಲ, ‘ಕಲ್ಚರ್’ ಎಂದಾಯಿತು. ಊರಿನ ಟೆಲಿಫೋನ್ ಕೋಡ್ 404 ಅನ್ನೇ ಮಂತ್ರ ಮಾಡಿಕೊಂಡರು. ವ್ಯಾಫಲ್ ಹೌಸ್ ಹೋಟೆಲಿನ ಮೇಲಿನ ತಮ್ಮ ಪ್ರೀತಿಯನ್ನು ಕೋಚ್ ಊರಿಗೆಲ್ಲ ಸಾರಿದರು. ಜನಕ್ಕೆ ಖುಷಿಯೋ ಖುಷಿ. ಅಂತೂ ನಾವೂ ನಾಲ್ಕು ಜನರ ಹಾಗೆ ಆದೆವಲ್ಲ!

ಮೂರನೆಯ ಪಂದ್ಯಕ್ಕೆ ದಿ ಸಿಟಡೆಲ್ ಬಂತು. ಕೆಳ ಹಂತದಲ್ಲಿ ಆಡುವ ಮಿಲಿಟರಿ ಕಾಲೇಜು. ಅವರು ಆಗ ಆಡುತ್ತಿದ್ದದ್ದು ಏನು? ಟ್ರಿಪಲ್ ಆಪ್ಷನ್. ಹೆಚ್ಚುವರಿ ಅವಧಿಯಲ್ಲಿ 27-24, ಸಿಟಡೆಲ್ ಗೆಲುವು. ಹನ್ನೊಂದು ವರ್ಷ ಬೆಳಗು ಸಂಜೆ ಆಪ್ಷನ್ ಉಂಡು ಉಟ್ಟ ಮನೆಯವರಿಗೆ ಒಂಬತ್ತೇ ತಿಂಗಳಲ್ಲಿ ಅದು ಯಾವ ಕಡೆಯಿಂದ ಬರುತ್ತದೆಂಬುದೇ ಮರೆತುಹೋಗಿತ್ತು. ಕಾಲಿನ್ಸ್ ಲೆಕ್ಕ ಒಟ್ಟು 10 ಗೆಲುವು, 28 ಸೋಲು. 2022ರಲ್ಲಿ ಬಿಡುಗಡೆ, ಕೈಯಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ. ಸಿಡುಕು ಮುಖದವರು ಅಗ್ಗವಾಗಿದ್ದರು.

ತಿಥಿ ಮಾಡಿಸುವ ಪುರೋಹಿತರ ಬಳಿ ಮಂತ್ರಗಳಿವೆ. ಆಪ್ಷನ್ ಆಡಿದರೆ, ಎಸೆದ ಚೆಂಡು ಹಿಡಿಯುವ ಒಳ್ಳೆಯ ರಿಸೀವರ್ ಬರುವುದಿಲ್ಲ ಎಂಬುದು ಒಂದು. ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2010ರ ಡ್ರಾಫ್ಟಿನಲ್ಲಿ, ರಿಸೀವರ್‌ಗಳ ಪೈಕಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಡಿಮೇರಿಯಸ್ ಥಾಮಸ್ ಬಂದದ್ದು ಇದೇ ಜಾನ್ಸನ್ ಪಾಠಶಾಲೆಯಿಂದ. ಹಿಂದೆ ಬಿದ್ದರೆ ಅಂಕ ಕೂಡಿಸಲು ಹೊತ್ತು ಸಾಲದು ಎಂಬುದು ಇನ್ನೊಂದು. ಇದರಲ್ಲಿ ಹುರುಳಿದೆ. ರಕ್ಷಣೆಯವರು ಈಗ ಬಹಳ ವೇಗ ಎಂಬುದು ಮೂರನೆಯದು. ಎಂಬತ್ತರ ದಶಕದಲ್ಲಿ ಮಯಾಮಿಯವರು ವೇಗದಿಂದಲೇ ಒಕ್ಲಹೋಮಾದ ವಿಶ್‌ಬೋನ್ ಮುರಿದಾಗಿನಿಂದ ಇದನ್ನು ಜಪಿಸುತ್ತಿದ್ದಾರೆ, ಅದೂ ಪೂರ್ತಿ ಸುಳ್ಳಲ್ಲ. ನಿಜವಾದ ಪೆಟ್ಟು ಕೊಟ್ಟದ್ದು ಇವ್ಯಾವುವೂ ಅಲ್ಲ, ನಿಯಮ. ಸೊಂಟದ ಕೆಳಗೆ ತಡೆಯುವುದನ್ನು 2022ರಿಂದ ಹೊರಬದಿಯಲ್ಲಿ ನಿಷೇಧಿಸಿದರು. ಮೊಣಕಾಲು ಉಳಿಯಲಿ ಎಂಬ ಉದ್ದೇಶಕ್ಕೆ ಯಾರ ತಕರಾರೂ ಇಲ್ಲ. ಆದರೆ ಸಣ್ಣಾಳು ದೊಡ್ಡಾಳನ್ನು ಬೀಳಿಸಲು ಇದ್ದ ಹಳೆಯ ಉಪಾಯ ಅರ್ಧ ಹೋಯಿತು.

ಹೋಯಿತೆಂದು ಆರ್ಮಿಯವರೇ ಗಾಬರಿಯಾದರು. ಪದವಿ ಮುಗಿಸಿ ಸೇನೆಗೆ ಸೇರಬೇಕಾದ ಹುಡುಗರು ಅಲ್ಲಿಯವರು. ಮುನ್ನೂರು ಪೌಂಡಿನ ದೈತ್ಯರು ಅಂಥ ಕಡೆ ಸುಲಭಕ್ಕೆ ಸಿಗುವುದಿಲ್ಲ. 2023ರಲ್ಲಿ ಅವರೂ ಕ್ವಾರ್ಟರ್‌ಬ್ಯಾಕನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ ‘ಶಾಟ್‌ಗನ್’ ಕಟ್ಟಿಕೊಂಡರು. ನಾಲ್ಕು ಜನರ ಹಾಗೆ ಆಗುವ ಚಪಲ ಸೈನಿಕರಿಗೂ ಬಿಟ್ಟಿದ್ದಲ್ಲ. ಲೂಸಿಯಾನಾದ ಎಲ್‌ಎಸ್‌ಯು ವಿರುದ್ಧ 62-0 ಸೋಲು, ಸೀಸನ್ನಿನಲ್ಲಿ ಆರು ಗೆಲುವು, ಆರು ಸೋಲು. ಮರುವರ್ಷ ತೆಪ್ಪಗೆ ಹಳೆ ಜಾಗಕ್ಕೆ ಬಂದು ನಿಂತರು. 2024ರಲ್ಲಿ ಗೆದ್ದದ್ದು 12, ಸೋತದ್ದು ಎರಡು. ಸೇರಿದ ಮೊದಲ ವರ್ಷವೇ ತಮ್ಮ ಕಾನ್ಫರೆನ್ಸಿನ, ಅಂದರೆ ತಂಡಗಳ ಗುಂಪಿನ, ಪ್ರಶಸ್ತಿ. ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಒಬ್ಬರೇ ಓಡಿ ಗಳಿಸಿದ ಟಚ್‌ಡೌನ್ 32. ಹೌದು, ನೊಟ್ರ್ ಡೇಮ್ ತಂಡ ಅವರನ್ನು 49-14ಕ್ಕೆ ಹಿಂಡಿತು. ಹಾಗೆ ಹಿಂಡಿಸಿಕೊಂಡ ಆಧುನಿಕರೂ ಬೇಕಾದಷ್ಟಿದ್ದಾರೆ, ಅವರ ತಿಥಿಯನ್ನು ಮಾತ್ರ ಯಾರೂ ಮಾಡುವುದಿಲ್ಲ.

ನನಗೆ ನಗು ಬರುವುದು ಇನ್ನೊಂದು ಕಾರಣಕ್ಕೆ. ಅದೇ ಸ್ಟುಡಿಯೋದಲ್ಲಿ, ಎಳ್ಳುನೀರು ಬಿಟ್ಟ ಕೈ ಒಣಗುವ ಮುಂಚೆ, ಅದೇ ಪುರೋಹಿತರು ದೊಡ್ಡ ಪರದೆಯ ಮೇಲೆ ಬಾಣದ ಗುರುತು ಎಳೆದು ಆರ್‌ಪಿಒ ಎಂಬ ಆಧುನಿಕ ವಿಜ್ಞಾನವನ್ನು ವಿವರಿಸುತ್ತಾರೆ. ನೋಡಿ, ಇಲ್ಲಿ ಒಬ್ಬ ಎದುರಾಳಿಯನ್ನು ಬೇಕೆಂದೇ ತಡೆಯದೆ ಬಿಟ್ಟಿದ್ದಾರೆ. ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡುತ್ತಾನೆ. ಅವನು ಇತ್ತ ಬಂದರೆ ಚೆಂಡು ಅತ್ತ. ಎಂಥಾ ಬುದ್ಧಿ! ಆರ್‌ಪಿಒ ಅನ್ನು ಬಿಡಿಸಿದರೆ ರನ್ ಪಾಸ್ ಆಪ್ಷನ್. ಕೊನೆಯ ಅಕ್ಷರ ಯಾರದೆಂದು ಕೇಳುವ ಹಾಗಿಲ್ಲ. ತಾತನ ಧೋತರವನ್ನೇ ಕತ್ತರಿಸಿ ಹೊಲಿಸಿದ ಕುರ್ತಾ ಹಾಕಿಕೊಂಡು, ತಾತನಿಗೆ ಬಟ್ಟೆಯ ರುಚಿಯೇ ಇರಲಿಲ್ಲ ಅಂದ ಹಾಗೆ. ಲಮಾರ್ ಜಾಕ್ಸನ್ 2019ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ 1,206 ಗಜ ಓಡಿ ಎನ್‌ಎಫ್‌ಎಲ್‌ನ ಶ್ರೇಷ್ಠ ಆಟಗಾರನಾದಾಗಲೂ ಭವಿಷ್ಯ ಕಣ್ಣೆದುರು ಬಂದು ನಿಂತಿದೆ ಎಂದು ಭಾವುಕರಾದರು. ಭವಿಷ್ಯ ಆ ಮುಂಚೆ ಐವತ್ತು ವರ್ಷ ಇದೇ ಕೆಲಸದಲ್ಲಿತ್ತು.

ಒಕ್ಲಹೋಮಾಕ್ಕೆ ಮರಳಿ ಬಂದು ಮುಗಿಸುತ್ತೇನೆ. ಕೋಚ್ ಬ್ಯಾರಿ ಸ್ವಿಟ್ಜರ್ ಕಾಲದಲ್ಲಿ ವಿಶ್‌ಬೋನ್ ಕಟ್ಟಿಕೊಂಡು 1974, 1975, 1985ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮನೆ ಅದು. ಈಗ ಆ ಸಾಮಾನೆಲ್ಲ ಅಟ್ಟದ ಮೇಲೆ. 2024ರ ಡಿಸೆಂಬರ್ 27ರಂದು ಆರ್ಮ್ಡ್ ಫೋರ್ಸಸ್ ಬೌಲ್‌ನಲ್ಲಿ ಎದುರಿಗೆ ಬಂದದ್ದು ನೌಕಾ ಅಕಾಡೆಮಿಯ ತಂಡ ನೇವಿ. ಅವರೂ ಹಳೆ ಬೀಜಕ್ಕೆ ಹೊಸ ಗೊಬ್ಬರ ಹಾಕಿ ಬೆಳೆ ತೆಗೆಯುವವರು. ಅವರ ಕ್ವಾರ್ಟರ್‌ಬ್ಯಾಕ್ ಬ್ಲೇಕ್ ಹೋರ್ವತ್ ತಮ್ಮ ಗೋಲಿನ ಬಾಯಲ್ಲೇ ಚೆಂಡು ಇಟ್ಟುಕೊಂಡು ಹೊರಟು 95 ಗಜ ಓಡಿದರು. ನೇವಿ 21, ಒಕ್ಲಹೋಮಾ 20.

ಮುಂದಿನ ತಿಥಿ ಎಂದಿನಂತೆ ಆಗಸ್ಟಿನಲ್ಲಿ. ಅಡುಗೆಯವರಿಗೆ ಒಂದು ಸೂಚನೆ: ಎಲೆ ಒಂದು ಹೆಚ್ಚಿಗೆ ಹಾಕಿಸಿರಿ, ವಡೆ ಎರಡು.