ಪಕ್ಕದ ಮನೆಯ ಕೊತ್ತಂಬರಿ ಮಡಿ, ನಮ್ಮ ಬೆಕ್ಕು

ಬೆಕ್ಕಿಗೆ ಕಾಂಪೌಂಡ್ ಗೊತ್ತಾಗುವುದಿಲ್ಲ, ಅಕ್ಕಪಕ್ಕದವರೇ ಹೊಂದಿಕೊಳ್ಳಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ನಾನೂ ಬೆಕ್ಕು ಸಾಕಿದವಳೇ.

ನಮ್ಮದು ಮೈಸೂರಿನಲ್ಲಿ ಮನೆಗೆ ಮನೆ ಅಂಟಿಕೊಂಡ ಬೀದಿ. ಪಕ್ಕದ ಮನೆಯ ಅಜ್ಜಿ ಕೊತ್ತಂಬರಿ ಬಿತ್ತಿದ್ದರು. ಆಗಷ್ಟೇ ಎರಡೆಲೆ ಬಿಟ್ಟಿತ್ತು. ನಮ್ಮ ಬೆಕ್ಕು ಬೆಳಗಿನ ಜಾವ ಹೋಗಿ ಮಡಿಯ ಮೂಲೆ ಕೆರೆದು, ಹೊಲಸು ಮಾಡಿ, ನೀಟಾಗಿ ಮಣ್ಣು ಮುಚ್ಚಿ ಬಂದಿತ್ತು. ಅಜ್ಜಿ ಕಳೆ ಕೀಳುವಾಗ ಅದು ಬರಿಗೈಗೆ ಸಿಕ್ಕಿತು. ಜಗಳವಾಡಲಿಲ್ಲ. "ಏನಮ್ಮಾ ಇದು" ಎಂದರು, ಅಷ್ಟೇ. ನನಗೆ ತುಂಬಾ ಬೇಜಾರಾಯಿತು. ನಾನೇ ಹೋಗಿ ಕ್ಲೀನ್ ಮಾಡಿ, ಬೇರೆ ಬೀಜ ತಂದುಕೊಟ್ಟೆ. ಸಾಕಿದವರು ಇಷ್ಟಾದರೂ ಮಾಡಬೇಕು ಅಲ್ವಾ?

ಬೆಕ್ಕಿಗೆ ಬೇಕಿರುವುದು ಒಣಗಿದ, ಸಡಿಲವಾದ ಮಣ್ಣು. ಹಾಗಾಗಿ ನಮ್ಮ ಹಿತ್ತಲಲ್ಲೇ ಅಗಲವಾದ ಟ್ರೇಗೆ ಮರಳು ತುಂಬಿಟ್ಟೆವು, ದಿನಾ ಬಾಚಿ ತೆಗೆಯುತ್ತೇವೆ. ಮಕ್ಕಳಾಗದ ಆಪರೇಷನ್ ಮಾಡಿಸಿದ ಮೇಲೆ ತಿರುಗಾಟವೂ ಕಡಿಮೆಯಾಯಿತು. ಅಜ್ಜಿ ಈಗ ಮಡಿಯ ಮೇಲೆ ನಿಂಬೆ ಗಿಡದ ಮುಳ್ಳುಕಡ್ಡಿ ಹರಡುತ್ತಾರೆ.

ಬೆಕ್ಕು ಓಡಿಸಲು ನುಸಿಗುಳಿಗೆ ಹಾಕಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಅದು ಬೆಕ್ಕಿಗೆ ವಿಷ, ಬಾಯಿಗೆ ಹಾಕಿಕೊಂಡರೆ ಮಕ್ಕಳಿಗೂ ಅಪಾಯ. ಬೇಕಂತಲೇ ಪ್ರಾಣಿಗೆ ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೂ ಜೈಲಾಗಬಹುದು. ತೊಂದರೆಯಾದರೆ ಮೊದಲು ಬೆಕ್ಕಿನ ಮನೆಯವರ ಬಾಗಿಲು ತಟ್ಟಿ. ಎಷ್ಟೋ ಸಲ ಅವರಿಗೆ ವಿಷಯವೇ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ.