ಮೊಳ ದಾರ, ಮಾರು ಗಂಟು

ಹೊಸ ಬಟ್ಟೆ ಹೊಲಿದುಕೊಡುವ ಟೈಲರ್‌ಗಳು ಇನ್ನೂ ಇದ್ದಾರೆ. ಹರಿದದ್ದನ್ನು ಹೊಲಿದುಕೊಡುವವರು ಸಿಗುವುದೇ ಕಷ್ಟ. ಬಿಚ್ಚಿಹೋದ ಪ್ಯಾಂಟು ತೆಗೆದುಕೊಂಡು ಹೋದರೆ ನಮ್ಮ ಬೀದಿಯ ಟೈಲರ್ ಅದನ್ನು ಎರಡೇ ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ತೂತಿನ ಮೂಲಕ ನನ್ನನ್ನೇ ನೋಡುತ್ತಾರೆ. "ಬಿಟ್ಟು ಹೋಗಿ ಸಾರ್, ನೋಡೋಣ." ಗೌರಿ ಹಬ್ಬದ ಮುಂಚೆ ಹೇಳಿದ 'ನೋಡೋಣ' ದೀಪಾವಳಿ ಕಳೆಯುವವರೆಗೂ ನಡೆಯುತ್ತದೆ. ಬ್ಲೌಸುಗಳ ರಾಶಿಯಡಿ ಸೇರಿದ ಪ್ಯಾಂಟು ಮೇಲೆ ಬರುವಷ್ಟರಲ್ಲಿ ನನ್ನ ಸೊಂಟ ಬೇರೆ ಅಳತೆಗೆ ಹೋಗಿರುತ್ತದೆ. ಅವರದೂ ತಪ್ಪಿಲ್ಲ ಬಿಡಿ. ಹಳೇ ಹೊಲಿಗೆ ಬಿಚ್ಚಬೇಕು, ಬಣ್ಣಕ್ಕೆ ಹೊಂದುವ ದಾರ ಹುಡುಕಬೇಕು, ಮೆಷಿನ್ನಿನಲ್ಲಿ ಮೇಲಿನ ದಾರವನ್ನೂ ಬಾಬಿನ್ನನ್ನೂ ಬದಲಿಸಬೇಕು. ಇಷ್ಟೆಲ್ಲ ಆದ ಮೇಲೆ ಗಿರಾಕಿ "ಇಷ್ಟಕ್ಕೆ ಐವತ್ತು ರೂಪಾಯಾ?" ಎಂದು ಬಾಯಿ ಬಿಡುತ್ತಾನೆ. ಆ ಗಿರಾಕಿ ಸಾಮಾನ್ಯವಾಗಿ ನಾನೇ. ಹೀಗಾಗಿ ನಮ್ಮ ಮನೆಯ ರಿಪೇರಿ ಮನೆಯಲ್ಲೇ.

ಪ್ಯಾಂಟು ಎಲ್ಲಿ ಹರಿಯುತ್ತದೆ ಎಂದು ವಿವರಿಸಬೇಕಿಲ್ಲ. ಮುಂದಿನ ಹೊಲಿಗೆ, ಹಿಂದಿನ ಹೊಲಿಗೆ, ಎರಡೂ ಕಾಲಿನ ಒಳಹೊಲಿಗೆ, ನಾಲ್ಕೂ ಬಂದು ಕೂಡುವ ಸರ್ಕಲ್ ಅದು. ಬಗ್ಗಿದರೂ, ಬೈಕು ಹತ್ತಿದರೂ, ಸತ್ಯನಾರಾಯಣ ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂತರೂ ಎಳೆತವೆಲ್ಲ ಅಲ್ಲಿಗೇ. ಅಳತೆ ಕೊಟ್ಟು ಹೊಲಿಸಿದ ಪ್ಯಾಂಟಿನಲ್ಲಿ ಹಿಂದುಗಡೆ ಒಂದು ಒಂದೂವರೆ ಇಂಚು ಬಟ್ಟೆಯನ್ನು ಒಳಗೆ ಉಳಿಸಿರುತ್ತಾರೆ. ಮನುಷ್ಯ ದಪ್ಪವಾಗಿಯೇ ಆಗುತ್ತಾನೆ ಎಂದು ಒಪ್ಪಿಕೊಂಡೇ ಕತ್ತರಿ ಹಿಡಿದವರು ಅವರು. ರೆಡಿಮೇಡ್‌ನಲ್ಲಿ ಆ ದಯೆ ಇಲ್ಲ. ಹೊಲಿಗೆಯ ಪಕ್ಕಕ್ಕೇ ಕತ್ತರಿಸಿ, ಓವರ್‌ಲಾಕ್ ಹೊಡೆದು ಮುಗಿಸಿರುತ್ತಾರೆ. ಬಿಡಿಸಿ ಅಗಲ ಮಾಡೋಣವೆಂದರೆ ಬಿಡಿಸಲು ಏನೂ ಇರುವುದಿಲ್ಲ.

ನಾವು ಶಾಲೆಗೆ ಹೋಗುವಾಗ ಅಪ್ಪ ಟೈಲರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಾಗೇ ಹೊಲಿಯಪ್ಪ." ಜೂನ್ ಬಂತೆಂದರೆ ಅಮ್ಮ ಚಡ್ಡಿಯ ಅಂಚಿನ ಒಂದು ಮಡಿಕೆ ಬಿಚ್ಚುತ್ತಿದ್ದಳು. ಅಲ್ಲಿಯವರೆಗೆ ಬಿಸಿಲು ಕಾಣದ ಆ ಪಟ್ಟಿ ಮಾತ್ರ ಕಡುನೀಲಿ, ಮೇಲಿನದೆಲ್ಲ ಮಾಸಿದ ನೀಲಿ. ಪಟ್ಟಿ ಎಣಿಸಿದರೆ ಹುಡುಗ ಎಷ್ಟು ವರ್ಷದಿಂದ ಅದೇ ಚಡ್ಡಿಯಲ್ಲಿದ್ದಾನೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಶಾಲೆಯಲ್ಲಿ ಕ್ರಾಫ್ಟ್ ಪೀರಿಯಡ್ಡೂ ಇತ್ತು. ಹುಡುಗಿಯರಿಗೆ ಹೊಲಿಗೆ, ನಮಗೆ ತಕಲಿ. ನೂಲು ತೆಗೆಯುವುದನ್ನು ನಮಗೆ ಕಲಿಸಿ, ಅದರಿಂದ ಮುಂದೇನು ಮಾಡಬೇಕೆಂಬ ಗುಟ್ಟನ್ನು ಪಕ್ಕದ ಕೋಣೆಯಲ್ಲಿ ಹೇಳಿಕೊಟ್ಟರು. ನನ್ನ ಹೊಲಿಗೆ ಕುರಿತು ಇವತ್ತು ಮನೆಯಲ್ಲಿ ಟೀಕೆ ಮಾಡುವವರು ಈ ಇತಿಹಾಸವನ್ನು ಗಮನಿಸಬೇಕು.

ನಮ್ಮ ಹೊಲಿಗೆ ಸಾಮಾನು ಇರುವುದು ಮೈಸೂರು ಪಾಕಿನ ಖಾಲಿ ಡಬ್ಬಿಯಲ್ಲಿ. ಬ್ಲೌಸಿನ ಹುಕ್ಕು, ಅರ್ಧ ಉಳಿದ ಸೀರೆ ಫಾಲ್ಸು, ಮೊದಲ ಇಂಚು ಹರಿದುಹೋದ ಅಳತೆ ಟೇಪು. ಟೇಪಿನಿಂದಾಗಿ ಅಳೆದ ಪ್ರತಿ ಸಲ ಒಂದು ಇಂಚು ಕಳೆಯಬೇಕು. ನನ್ನ ಸೊಂಟ ಅಳೆಯುವಾಗ ಮಾತ್ರ ನಾನು ಎರಡು ಕಳೆಯುತ್ತೇನೆ. ಗುಂಡಿಗಳಂತೂ ಹಿಡಿಗಟ್ಟಲೆ ಇವೆ. ಅಂಗಿ ಕೊಳ್ಳುವಾಗ ಒಳಗಿನ ಹೊಲಿಗೆಯ ಪಟ್ಟಿಗೆ ಎರಡು ಹೆಚ್ಚುವರಿ ಗುಂಡಿ ಹಾಕಿಕೊಟ್ಟಿರುತ್ತಾರಲ್ಲ, ಅದು ನಮ್ಮ ಕಣ್ಣಿಗೆ ಬೀಳುವುದು ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾಗುವ ದಿನ. ಆಗ ಕತ್ತರಿಸಿ ಡಬ್ಬಿಗೆ ಹಾಕುತ್ತೇವೆ. ದಾರದ ಉಂಡೆಗಳೆಲ್ಲ ಹೆಂಡತಿಯ ಬ್ಲೌಸುಗಳ ಲೆಕ್ಕದವು: ಗಿಣಿಹಸಿರು, ರಾಣಿ ಬಣ್ಣ, ಅರಿಶಿನ, ಮರೂನು. ಗಂಡಸರ ಪ್ಯಾಂಟಿನ ಬೂದಿ ಬಣ್ಣ ಅದರಲ್ಲಿ ಎಂದೂ ಇರುವುದಿಲ್ಲ. "ಒಳಗಡೆ ತಾನೇ, ಯಾರು ನೋಡ್ತಾರೆ" ಎಂದು ಮರೂನು ಎತ್ತಿಕೊಂಡರೆ, ನೋಡುವವರು ಇರುತ್ತಾರೆ ಎಂಬುದು ಆಫೀಸಿನಲ್ಲಿ ಗೊತ್ತಾಗುತ್ತದೆ.

"ಮೊಳ ದಾರ ಸಾಕು" ಎನ್ನುತ್ತಿದ್ದಳು ಅಮ್ಮ. ಸರಿಯಾದ ಮಾತು. ಆದರೆ ಚಾಳೀಸು ದಾಟಿದ ಕಣ್ಣಿಗೆ ಸೂಜಿಯ ಕಣ್ಣು ಕಾಣಬೇಕಲ್ಲ. ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಉಸಿರು ಹಿಡಿದು ಪೋಣಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. "ರೀ, ಎಂಜಲು ಮಾಡಿದ್ದು ಸಾಕು, ತುದೀನ ಓರೆಯಾಗಿ ಕತ್ತರಿಸಿ" ಎಂದು ಅಡುಗೆಮನೆಯಿಂದ ಸಲಹೆ. ಒಮ್ಮೆ ದಾರ ಒಳಗೆ ನುಗ್ಗಿತೆಂದರೆ ಇನ್ನೊಮ್ಮೆ ಈ ಕಷ್ಟ ಬೇಡವೆಂದು ಮೊಳದ ಬದಲು ಮಾರು ದಾರ ಎಳೆದುಕೊಳ್ಳುತ್ತೇನೆ. ಉದ್ದ ದಾರ ಪ್ರತಿ ಹೊಲಿಗೆಗೂ ಒಂದಿಷ್ಟು ಹುರಿಗೊಂಡು, ತನ್ನ ಮೇಲೆ ತಾನೇ ಸುತ್ತಿ, ಯಾರೂ ಕೇಳದ ಕಡೆ ಗಂಟು ಹಾಕಿಕೊಳ್ಳುತ್ತದೆ. ಅದನ್ನು ಬಿಡಿಸಲು ಇನ್ನೊಂದು ಸೂಜಿ ಬೇಕು.

ಒಂದು ಭಾನುವಾರ ಲುಂಗಿ ಉಟ್ಟು, ಪ್ಯಾಂಟನ್ನು ತೊಡೆಯ ಮೇಲೆ ಹರಡಿಕೊಂಡು ಬ್ಯಾಕ್ ಸ್ಟಿಚ್ ಹಾಕುತ್ತಿದ್ದೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುವ ಹೊಲಿಗೆ. ಕೈಹೊಲಿಗೆಯಲ್ಲಿ ಅಷ್ಟು ಗಟ್ಟಿ ಇನ್ನೊಂದು ಸಿಗುವುದು ಕಷ್ಟ. ಬಾಗಿಲ ಬೆಲ್ ಆಯಿತು. ಎದ್ದೆ. ಪ್ಯಾಂಟೂ ಎದ್ದಿತು. ಎಳೆದರೆ ಲುಂಗಿ ಬರುತ್ತದೆ, ಬಿಟ್ಟರೆ ಪ್ಯಾಂಟು ಜೋತಾಡುತ್ತದೆ. ಮತ್ತೆ ಬೆಲ್. ಬಾಗಿಲು ತೆರೆದರೆ ಕೊರಿಯರ್ ಹುಡುಗ. ನನ್ನ ಮುಖ ನೋಡಿದ, ಮೊಣಕಾಲಿನ ಬಳಿ ತೂಗುತ್ತಿದ್ದ ಪ್ಯಾಂಟು ನೋಡಿದ, ಮೊಬೈಲು ತೆಗೆದು ಕೇಳಿದ: "ರಿಟರ್ನ್ ಪಿಕಪ್ ಇದೇನಾ ಸಾರ್?" ಅವತ್ತು ಹಾಕಿದ ಹೊಲಿಗೆಗಳಲ್ಲಿ ಬಿಗಿಯಾಗಿ ಕೂತದ್ದು ಲುಂಗಿಗೆ ಬಿದ್ದದ್ದೇ.

ಈ ಗಡಿಬಿಡಿಯಲ್ಲಿ ಸೂಜಿ ಕಳೆಯಿತು. ಸೂಜಿ ಕಳೆದ ಮನೆಯಲ್ಲಿ ಕರ್ಫ್ಯೂ. ಮಾವನವರು ಸೋಫಾದ ಮೇಲೆ ಕಾಲು ಮಡಚಿಕೊಂಡರು, ಮಗಳು ಡೈನಿಂಗ್ ಟೇಬಲ್ ಹತ್ತಿದಳು, ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ನಿರ್ದೇಶನ ಕೊಟ್ಟಳು. ನಾನು ಟಾರ್ಚನ್ನು ನೆಲಕ್ಕೆ ಮಲಗಿಸಿ ಹಿಡಿದೆ. ಹಾಗೆ ಹಿಡಿದರೆ ಸೂಜಿ ಮಿಂಚುತ್ತದೆ. ಮಿಂಚಿದ್ದೆಲ್ಲ ಬಿಂದಿ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹುರಿ ಕಟ್ಟಿ ಎಳೆದಾಡಿದೆ; ಸೋಫಾ ಸರಿಸಿದೆ, ಅದರ ಕೆಳಗಿನ ಕಡಲೆಬೀಜ, ರಬ್ಬರ್ ಬ್ಯಾಂಡು, ಕಳೆದ ಯುಗಾದಿಯ ಬೇವಿನೆಲೆ ಎಲ್ಲ ಗುಡಿಸಿ ಹಾಕಿದೆ. ಎಲ್ಲ ಮುಗಿದ ಮೇಲೆ ಅತ್ತೆಯವರು ಮೆತ್ತಗೆ ಅಂದರು: "ಸೂಜಿ ನಿಮ್ಮ ಬನಿಯನ್‌ನಲ್ಲೇ ಚುಚ್ಚಿಕೊಂಡಿದ್ದೀರಲ್ಲ, ಅಳಿಯಂದ್ರೆ." ಮೊದಲೇ ನೋಡಿದ್ದರಂತೆ. ಹೇಗೂ ಸೋಫಾ ಕೆಳಗೆ ಕಸ ಬಹಳವಾಗಿತ್ತು ಎಂದು ಸುಮ್ಮನಿದ್ದರಂತೆ.

ಗುಂಡಿ ಹಾಕುವುದನ್ನು ಸರಿಯಾಗಿ ಕಲಿಸಿದವರೂ ಅವರೇ. ಗುಂಡಿಯನ್ನು ಬಟ್ಟೆಗೆ ಅಂಟಿಸಿದ ಹಾಗೆ ಹೊಲಿದರೆ ಕಾಜಾದ ಪಟ್ಟಿ ಕೂರಲು ಜಾಗವಿರುವುದಿಲ್ಲ, ಎಳೆದೆಳೆದು ಬಟ್ಟೆ ಹರಿಯುತ್ತದೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲೆ ದಾರ ಹಾಯಿಸಿ ಹೊಲಿದು, ಕಡ್ಡಿ ತೆಗೆದು ಗುಂಡಿ ಮೇಲಕ್ಕೆತ್ತಿ, ಸಡಿಲವಾದ ದಾರದ ಬುಡಕ್ಕೆ ನಾಲ್ಕು ಸುತ್ತು ಸುತ್ತಬೇಕು.

ಇಷ್ಟು ವಿದ್ಯೆ ಕೈಯಲ್ಲಿದ್ದರೂ ಕಳೆದ ತಿಂಗಳು ಒಂದು ರಿಸೆಪ್ಶನ್‌ಗೆ ಹೊರಡುವಾಗ ಹೊಟ್ಟೆಯ ಮೇಲಿನ ಗುಂಡಿ ಹಾರಿತು, ಮನೆಯ ಕೊನೆಯ ಸೂಜಿ ಮುರಿಯಿತು. ಅಂಗಡಿಗೆ ಓಡಿದೆ.

"ದೀಪ ಹಚ್ಚಿದ ಮೇಲೆ ಸೂಜಿ ಕೊಡಲ್ಲ ಸಾರ್."

"ಬ್ಲೇಡು?"

"ಕೊಡ್ತೀವಿ."

"ಸೇಫ್ಟಿ ಪಿನ್ನು?"

"ಎಷ್ಟು ಡಜನ್ ಬೇಕು?"

ಈ ಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಪೇಟೆಂಟ್ ಪಡೆದ. 15 ಡಾಲರ್ ಸಾಲ ತೀರಿಸುವ ಚಿಂತೆಯಲ್ಲಿ ತಂತಿ ತಿರುಚುತ್ತಾ ಕೂತಾಗ ಹೊಳೆದದ್ದಂತೆ. ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ನನಗೆ ಹೆಚ್ಚು ಹಿಡಿಸಿದ್ದು ಬೇರೆ ಸಂಗತಿ. ಇದೇ ಪುಣ್ಯಾತ್ಮ 1830ರ ದಶಕದಲ್ಲೇ ಹೊಲಿಗೆ ಮೆಷಿನ್ನನ್ನೂ ಮಾಡಿದ್ದ, ಅದಕ್ಕೆ ಆಗ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಹೊಲಿಗೆಯ ಹೆಂಗಸರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂದು ಬಿಟ್ಟನೆನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಹೊಲಿದು ನೋಡಿದವನು ಪಿನ್ನಿಗೆ ಬಂದು ನಿಂತಿದ್ದಾನೆ ಎಂದರೆ ಅದರ ಹಿಂದೆ ಸ್ವಂತ ಅನುಭವವಿರಬೇಕು.

ಡಜನ್ ಪಿನ್ನು ಹಿಡಿದು ವಾಪಸ್ ಬಂದರೆ ಹೆಂಡತಿ ನಕ್ಕಳು. ಅವಳ ಬಳೆಯಲ್ಲಿ ಆಗಲೇ ಒಂದು ಗೊಂಚಲು ನೇತಾಡುತ್ತಿತ್ತು. ಒಳಗಿನಿಂದ ಪಿನ್ನು ಹಾಕಿ, "ಕೈ ಎತ್ತಬೇಡಿ, ಜೋರಾಗಿ ನಗಬೇಡಿ, ಒಬ್ಬಟ್ಟು ಒಂದೇ" ಎಂದು ಷರತ್ತು ವಿಧಿಸಿದಳು.

ಊಟದ ಹಾಲಿನ ಬಾಗಿಲಲ್ಲಿ, ಕೋಟು ತೊಟ್ಟ ಹಿರಿಯರೊಬ್ಬರು ಗೋಡೆಗೆ ಬೆನ್ನು ಆನಿಸಿ, ಒಂದು ಕೈ ಹಿಂದೆ ಹಿಡಿದುಕೊಂಡು ಬಹಳ ಹೊತ್ತಿನಿಂದ ನಿಂತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಡೆಯುವ ರೀತಿಯಲ್ಲೇ ಏನೋ ಗುರುತು ಹತ್ತಿರಬೇಕು. "ಸಾರ್, ನಿಮ್ಮ ಹತ್ರ ಒಂದು ಪಿನ್ನು..." ಎಂದರು ಪಿಸುಮಾತಿನಲ್ಲಿ.

"ರೆಡಿಮೇಡಾ?" ಎಂದೆ.

"ಹೂಂ."

ಹೆಂಡತಿ ಬಳೆಯಿಂದ ಎರಡು ಪಿನ್ನು ಬಿಡಿಸಿ ಕೊಡುತ್ತಾ ಅಂದಳು: "ಅಂಥ ಜಾಗಕ್ಕೆ ಒಂದು ಸಾಲಲ್ಲ. ವಾಪಸ್ ಏನೂ ಬೇಡ."