ವಾಡೆಗೆ ಸಿಮೆಂಟ್ ಮೆತ್ತುವ ಮೊದಲು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಗೌಡರ ವಾಡೆ, ದೇಸಾಯರ ವಾಡೆ, ದೇಶಮುಖರ ವಾಡೆ ಇನ್ನೂ ಸಾಕಷ್ಟು ಉಳಿದಿವೆ. ಅವುಗಳಲ್ಲಿ ಎಷ್ಟೋ ವಾಡೆಗಳನ್ನು ಈಗ ಕೆಡವುತ್ತಿರುವುದು ರಿಪೇರಿ. ತಲೆಮಾರುಗಟ್ಟಲೆ ಮಳೆಗಾಲ ಕಂಡ ಗೋಡೆ, ಸಿಮೆಂಟ್ ಗಿಲಾವು ಬಿದ್ದ ಕೆಲವೇ ವರ್ಷಕ್ಕೆ ಉಬ್ಬಿ ಹೊಟ್ಟೆ ಬಿಡುತ್ತದೆ. ಆಮೇಲೆ "ಹಳೇದಾಗಿತ್ತು, ಬಿತ್ತು" ಅನ್ನುತ್ತೇವೆ. ಆ ಮಾತು ನನಗೆ ಒಪ್ಪಿಗೆಯಿಲ್ಲ.

ವಾಡೆ ಅಂದರೆ ಕಚೇರಿ, ಕಣಜ, ಕೋಟೆ ಮೂರೂ ಕೂಡಿದ ಮನೆ. ಬಹಮನಿಗಳಿಂದ ನಿಜಾಮರವರೆಗೆ ಆಳುವವರು ಬದಲಾದರೂ ಊರಿನ ಕಂದಾಯದ ಲೆಕ್ಕ ವತನದಾರರ, ಅಂದರೆ ಆ ಹಕ್ಕನ್ನು ವಂಶಪಾರಂಪರ್ಯವಾಗಿ ಪಡೆದ ಮನೆತನಗಳ, ಕೈಯಲ್ಲೇ ಇತ್ತು. ಅದಕ್ಕೇ ಆ ಕಟ್ಟೋಣ. ಆನೆಯೆತ್ತರದ ಬಾಗಿಲು, ಅದರೊಳಗೆ ಒಬ್ಬೊಬ್ಬರೇ ಬಗ್ಗಿ ಬರುವಂಥ ದಿಡ್ಡಿ ಬಾಗಿಲು, ಎರಡೂ ಕಡೆ ಕಾವಲಿನವರ ಕಟ್ಟೆ. ಒಳಗೆ ಕಾಲಿಟ್ಟರೂ ನೇರವಾಗಿ ಅಂಗಳ ಕಾಣುವುದಿಲ್ಲ, ಒಂದು ತಿರುವು ದಾಟಬೇಕು. ಆಮೇಲೆ ಪಡಸಾಲೆ. ಮನೆ ಎಷ್ಟು ದೊಡ್ಡದು ಅಂತ ಅಡಿಯಲ್ಲಿ ಯಾರೂ ಹೇಳುತ್ತಿರಲಿಲ್ಲ, ಇಷ್ಟು ಅಂಕಣದ ಮನೆ ಅನ್ನುತ್ತಿದ್ದರು, ಅಂಕಣ ಅಂದರೆ ಕಂಬಗಳ ನಡುವಿನ ಜಾಗ.

ಇವುಗಳೊಳಗೆ ದೊಡ್ಡ ಹೆಸರು ಸುರಪುರದ ನಾಯಕರದು. ಔರಂಗಜೇಬ ತನ್ನ ಮುಪ್ಪಿನಲ್ಲಿ, 1705ರಲ್ಲಿ, ಖುದ್ದಾಗಿ ಬಂದು ಮುತ್ತಿದ ಕೊನೆಯ ಕೋಟೆ ಇವರ ವಾಗಣಗೇರಿ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ ಸಂಸ್ಥಾನ ಮುಗಿಯಿತು, 1860ರಲ್ಲಿ ನಿಜಾಮನ ಪಾಲಾಯಿತು. ಸಣ್ಣ ವತನಗಳು ಇನ್ನೂ ನೂರು ವರ್ಷ ಬಾಳಿದವು. 1949ರಲ್ಲಿ ಜಾಗೀರು ರದ್ದಾಯಿತು, 1963ರಲ್ಲಿ ವಂಶಪಾರಂಪರ್ಯದ ಗೌಡಕಿ ಹೋಯಿತು, 1974ರ ಭೂಸುಧಾರಣೆಯಲ್ಲಿ ಗೇಣಿ ಹೊಲ ಉಳುವವರಿಗೆ ಸೇರಿತು. ಆಗಬೇಕಾದದ್ದೇ ಆಯಿತು, ವಾಡೆಯ ಮಾಳಿಗೆಗೆ, ಅಂದರೆ ಮಣ್ಣಿನ ಚಾವಣಿಗೆ, ಮಣ್ಣು ಹೊತ್ತವರಲ್ಲಿ ಬಿಟ್ಟಿ ಚಾಕರಿಯವರೂ ಇದ್ದರು ಅನ್ನುವುದನ್ನು ಮರೆಯಬಾರದು. ಆದರೆ ವರ್ಷವರ್ಷದ ದುರಸ್ತಿ ಅಲ್ಲಿಗೇ ನಿಂತಿತು. ಅಣ್ಣತಮ್ಮಂದಿರಲ್ಲಿ ವಾಡೆ ಪಾಲಾಯಿತು.

ಗೋಡೆಯ ವಿಷಯಕ್ಕೆ ಬರೋಣ. ಕಲ್ಲು ಊರಿಂದೂರಿಗೆ ಬೇರೆ. ಬೀದರಿನಲ್ಲಿ ಕೆಂಪು ಜಂಬುಕಲ್ಲು. ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಕಲಬುರಗಿ ಕಡೆ ಕರಿಕಲ್ಲು, ಶಹಾಬಾದ್ ಫರಸಿ. ಸುರಪುರದ ಗುಡ್ಡದಲ್ಲಿ ಗ್ರಾನೈಟ್ ಬಂಡೆ. ಆದರೆ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ: ಹೊರಗೊಂದು ಕಲ್ಲಿನ ಮೈ, ಒಳಗೊಂದು ಮೈ, ನಡುವೆ ಮಣ್ಣು ಮತ್ತು ಚೂರುಗಲ್ಲು, ಒಟ್ಟು ಎರಡೂವರೆಯಿಂದ ನಾಲ್ಕಡಿ ದಪ್ಪ. ಎರಡು ಮೈಯನ್ನೂ ಹಿಡಿದಿಡಲು ನಾಲ್ಕೈದು ಅಡಿಗೊಂದರಂತೆ ಉದ್ದ ಕಲ್ಲನ್ನು ಅಡ್ಡ ಹಾಕುತ್ತಾರೆ. ಅದು ಕಡಿಮೆಯಾದ ಗೋಡೆಯೇ ಮೊದಲು ಹೊಟ್ಟೆ ಬಿಡುವುದು.

ಈ ಗೋಡೆ ನೆಲದ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಗಿಲಾವು ಆ ಬಿಡುವ ದಾರಿ ಮುಚ್ಚುತ್ತದೆ. ತೇವ ಒಳಗೇ ನಿಂತು ಮೇಲೇರುತ್ತದೆ, ನಡುವಿನ ಮಣ್ಣು ಮೆತ್ತಗಾಗಿ ಕೆಳಕ್ಕೆ ಕುಸಿಯುತ್ತದೆ, ಎರಡು ಮೈ ಬೇರೆಯಾಗುತ್ತವೆ. ಗಿಲಾವು ನಿಂತಲ್ಲಿಗೆ ಸ್ವಲ್ಪ ಮೇಲೆ ಬಿಳಿ ಉಪ್ಪು ಕಾಣಿಸಿಕೊಂಡಿತು ಅಂದರೆ ಒಳಗೆ ಕೆಲಸ ಕೆಡುತ್ತಿದೆ ಅಂತಲೇ ತಿಳಿಯಬೇಕು. ಹಾಗಂತ ಬ್ರೇಕರ್ ಹಚ್ಚಿ ಒಮ್ಮೆಲೇ ಕಿತ್ತರೆ ಸಿಮೆಂಟಿನ ಜತೆ ಕಲ್ಲಿನ ಮೈಯೂ ಬರುತ್ತದೆ. ಬುಡದ ಮೂರಡಿ ಮೊದಲು, ಚಾಣ ಮತ್ತು ಸಣ್ಣ ಸುತ್ತಿಗೆಯಿಂದ ಬಿಡಿಸಿ, ಒಂದು ಬೇಸಿಗೆ ಒಣಗಲು ಬಿಡಬೇಕು. ಅಷ್ಟರಲ್ಲಿ ಗೋಡೆಗುಂಟ ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ಎರೆ ಭೂಮಿ ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಆ ಆಟ ಅಡಿಪಾಯ ತಡೆಯುವುದಿಲ್ಲ.

ಸಂದು ತುಂಬಲು ಗಚ್ಚೇ ಬೇಕು, ಅಂದರೆ ಸುಣ್ಣದ ಗಾರೆ. ಗುಂಡಿಯಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಕಲ್ಲುಸುಣ್ಣ. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು, ಕನ್ನಡಕ ಹಾಕಿಸಿ. ಮೇಲೆ ನೀರು ನಿಂತಂತೆಯೇ ಕನಿಷ್ಠ 15 ದಿನ ಕೊಳೆಯಲಿ, ತಿಂಗಳಾದರೆ ಇನ್ನೂ ಒಳ್ಳೆಯದು. ಅರಳದ ಹರಳು ಗಿಲಾವಿನೊಳಗೆ ಉಳಿದರೆ ಆಮೇಲೆ ಅರಳಿ ಗುಳ್ಳೆಯೆಬ್ಬಿಸುತ್ತದೆ, ಆದ್ದರಿಂದ ಜರಡಿ ಹಿಡಿಯಲೇಬೇಕು. ಸುಣ್ಣ ಒಂದು ಪಾಲು, ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ ಒಂದು, ತೊಳೆದ ಮರಳು ಎರಡು. ಸಂದನ್ನು ಒಂದಿಂಚು ಆಳ ಕೆದರಿ, ತೊಳೆದು, ಹಸಿ ಇರುವಾಗಲೇ ಒತ್ತಿ ತುಂಬಬೇಕು. ಗಿಲಾವು ಬೇಕಿದ್ದರೆ ಒಂದು ಪದರಕ್ಕೆ ಅರ್ಧ ಇಂಚು ದಾಟಬಾರದು. ವಾರಗಟ್ಟಲೆ ಹಸಿ ಗೋಣಿತಟ್ಟು ಇಳಿಬಿಟ್ಟಿರಬೇಕು. ನಮ್ಮಲ್ಲಿ ಬಹಳ ಕಡೆ ಗಚ್ಚು ಪುಡಿಪುಡಿಯಾಗುವುದು ಏಪ್ರಿಲ್–ಮೇ ಬಿಸಿಲಿನಲ್ಲಿ ಕೆಲಸ ಹಿಡಿಯುವುದರಿಂದ. ಗಟ್ಟಿಯಾಗುವ ಮೊದಲೇ ಒಣಗಿಬಿಡುತ್ತದೆ. ದಸರೆಯಿಂದ ಸಂಕ್ರಾಂತಿಯೊಳಗೆ ಮುಗಿಸುವುದು ಸರಿ.

ಬೇಸಿಗೆ ಮಾಳಿಗೆ ಕೆಲಸಕ್ಕಿರಲಿ. ಅದರ ಕಟ್ಟು ಹೀಗೆ: ಕಂಬ, ಕಂಬದ ತಲೆಗೆ ಬೋದಿಗೆ, ತೊಲೆ, ಅದರ ಮೇಲೆ ಅಡ್ಡಲಾಗಿ ಜಂತಿ, ಜಂತಿಗಳ ಮೇಲೆ ಒತ್ತಾಗಿ ಕಟ್ಟಿಗೆ ಚಿಲಿಕೆ, ಆಮೇಲೆ ಮಣ್ಣು, ಕೊನೆಗೆ ಕರಲು (ಚೌಳು) ಮಣ್ಣಿನ ಮೇಲ್ಪದರ. ಕರಲು ಮಣ್ಣು ಮಳೆ ಬಿದ್ದೊಡನೆ ನುಣ್ಣಗಾಗಿ ತನ್ನ ಸೂಕ್ಷ್ಮ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹಿರಿಯರು ಅದನ್ನೇ ಹುಡುಕಿ ತರುತ್ತಿದ್ದುದು ಅದಕ್ಕೆ. ತಪ್ಪಾಗುವುದು ಎಲ್ಲಿ ಅಂದರೆ, ಸೋರಿತು ಅಂತ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಹಾಕುತ್ತಾ ಹೋಗುವುದರಲ್ಲಿ. ಲೆಕ್ಕ ನೋಡಿ: ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದಡಿ ಮಣ್ಣು ಅಂದರೆ ಸುಮಾರು ನಾಲ್ಕೂವರೆಯಿಂದ ಐದು ಟನ್. ಎರಡಡಿಯಾದರೆ ಇಮ್ಮಡಿ, ಮಳೆ ಕುಡಿದರೆ ಇನ್ನೂ ಹೆಚ್ಚು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ಆಳಂದ, ಬಸವಕಲ್ಯಾಣದ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಸಾವಿರಾರು ಜನ ಮಲಗಿದ್ದಲ್ಲೇ ಸತ್ತದ್ದು ಇಂಥದೇ ಭಾರದ ಮಾಳಿಗೆ, ಬಂಧವಿಲ್ಲದ ಗುಂಡುಕಲ್ಲಿನ ಗೋಡೆಗಳ ಕೆಳಗೆ. ಹಾಗಾಗಿ ಮೊದಲ ಕೆಲಸ ಹೆಚ್ಚಿನ ಮಣ್ಣು ಇಳಿಸುವುದು. ಎರಡು ಕಡೆಯಿಂದ ಸಮವಾಗಿ ಇಳಿಸಿ. ಒಂದೇ ಮಗ್ಗುಲು ಬರಿದು ಮಾಡಿದರೆ ತೊಲೆ ತಿರುಚಿಕೊಳ್ಳುತ್ತದೆ.

ಜಂತಿ ನಡುವೆ ಗಟ್ಟಿ ಕಾಣುತ್ತದೆ, ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿ. ಅಲ್ಲಿ ಸುತ್ತಿಗೆಯಿಂದ ತಟ್ಟಿ, ದಬ್ಬಣ ಚುಚ್ಚಿ ನೋಡಿ. ಡಬ್ ಡಬ್ ಅಂದರೆ, ದಬ್ಬಣ ಸಲೀಸಾಗಿ ಒಳಗೆ ಹೋದರೆ, ಕೂಡಲೇ ಕೆಳಗೊಂದು ಆಸರೆ ಕಂಬ ನಿಲ್ಲಿಸಬೇಕು. ಇಂಥ ಗೋಡೆಯ ಮೇಲೆ ಆರ್‌ಸಿಸಿ ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಪಾಲಾದ ವಾಡೆಗಳ ಕಷ್ಟ ಇನ್ನೊಂದು. ನಡುವೆ ಅಡ್ಡಗೋಡೆ ಏಳುತ್ತದೆ, ನೀರು ಹೊರಹಾಕುವ ಹಳೆ ದೋಣಿಗೆ ಹೋಗುತ್ತಿದ್ದ ಮಾಳಿಗೆಯ ನೀರು ತಮ್ಮನ ಪಾಲಿನಲ್ಲಿ ನಿಲ್ಲುತ್ತದೆ, ಸೋರುವುದು ಅಣ್ಣನ ಗೋಡೆಗೆ. ಪಾಲು ಪತ್ರದಲ್ಲೇ ನೀರಿನ ದಾರಿ ಬರೆಸಿ. ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ಇದ್ದರೆ ಅದರ ಬಾಯಿ ತೆರೆದು ಒಂದು ದಿನ ಬಿಟ್ಟು, ಹಗ್ಗದಲ್ಲಿ ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬೇಡಿ. ಆರದಿದ್ದರೂ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲೇಬೇಕು.

ಕೊನೆಯದು ಬಾಗಿಲು. ಕೆತ್ತನೆಯ ಬಾಗಿಲಿಗೆ ಒಳ್ಳೇ ಬೆಲೆ ಬರುತ್ತದೆ ಅಂತ ಚೌಕಟ್ಟು ಸಮೇತ ಕಿತ್ತು ಮಾರುತ್ತಾರೆ. ಎಷ್ಟೋ ವಾಡೆಗಳಲ್ಲಿ ಮೇಲಿನ ಗೋಡೆಯ ಭಾರ ಹೊತ್ತಿರುವುದು ಆ ಚೌಕಟ್ಟಿನ ತಲೆಯ ಮೇಲೆ ಹಾಸಿದ ದಪ್ಪ ಹಲಗೆಗಳು, ಹಲಗೆಗಳಿಗೆ ಆಸರೆ ಆ ಚೌಕಟ್ಟು. ಕಿತ್ತ ಜಾಗಕ್ಕೆ ಎರಡು ಸಾಲು ಇಟ್ಟಿಗೆ ಕಟ್ಟಿ ಬಿಟ್ಟರೆ ಹಲಗೆ ಬಾಗುತ್ತದೆ, ಬಾಗಿಲ ಮೇಲೆ ಕಮಾನಿನಾಕಾರದ ಬಿರುಕು ಮೂಡುತ್ತದೆ. ನಿಮ್ಮೂರ ವಾಡೆಯಲ್ಲಿ ಆ ಬಿರುಕು ಕಂಡರೆ ಆ ಬಾಗಿಲಲ್ಲಿ ಓಡಾಟ ನಿಲ್ಲಿಸಿ, ಅವತ್ತೇ ಗೌಂಡಿಯನ್ನು ಕರೆಸಿ ಎರಡು ಕಡೆ ಆಸರೆ ಕೊಡಿಸಿ.